ದೊಡ್ಡಕ್ಷರದ ಸತ್ಯವೇದ: ಹಾಸನದ ಒಂದು ಮನೆಯಲ್ಲಿ ಹದಿನಾಲ್ಕು ತಿಂಗಳ ಓದಿನ ನಂತರ

ನಾನು ಇಲ್ಲಿ ಬರೆಯುತ್ತಿರುವುದು ದೊಡ್ಡಕ್ಷರದ ಕನ್ನಡ ಸತ್ಯವೇದದ, ಅಂದರೆ ಬೈಬಲಿನ, ಒಂದು ಪ್ರತಿಯ ಬಗ್ಗೆ. ಹಾಸನದಲ್ಲಿ ಒಂದು ಕ್ರೈಸ್ತ ದೇವಾಲಯದ ಕಾಂಪೌಂಡಿಗೆ ಅಂಟಿಕೊಂಡಿರುವ ಸಣ್ಣ ಪುಸ್ತಕದಂಗಡಿಯಲ್ಲಿ ಕಳೆದ ವರ್ಷದ ಮಳೆಗಾಲದಲ್ಲಿ ಇದನ್ನು ಕೊಂಡೆ. ಸಾವಿರ ರೂಪಾಯಿ ಕೊಟ್ಟಾಗ ಚಿಲ್ಲರೆ ವಾಪಸು ಬಂತು. ಅಂದಿನಿಂದ ದಿನಕ್ಕೆರಡು ಹೊತ್ತು ಇದು ನಮ್ಮ ಮನೆಯಲ್ಲಿ ತೆರೆದುಕೊಂಡಿದೆ. ಮನೆಯಲ್ಲಿ ಹಾಸಿಗೆ ಹಿಡಿದವರಿಗಾಗಿ ಅಥವಾ ಕಣ್ಣು ಮಂಜಾದ ಹಿರಿಯರಿಗಾಗಿ ಇಂಥದೊಂದು ಪ್ರತಿಯನ್ನು ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು, ಅಚ್ಚು, ಕಾಗದ, ಬೈಂಡಿಂಗ್, ಅನುವಾದ ಇವೆಲ್ಲವನ್ನೂ ಕುರಿತು ನಮ್ಮ ಅನುಭವಕ್ಕೆ ಬಂದದ್ದನ್ನು ಬರೆಯುತ್ತೇನೆ. ಪುಸ್ತಕದ ಗುಣದೋಷವನ್ನು ಅದನ್ನು ಓದಿದ ಪರಿಸ್ಥಿತಿಯಿಂದ ಬೇರೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲವಾದ್ದರಿಂದ ಆ ಪರಿಸ್ಥಿತಿಯನ್ನೂ ಹೇಳಬೇಕಾಗಿದೆ.

ಜೂನ್ ತಿಂಗಳ ಕೊನೆಯ ವಾರದಲ್ಲಿ ಒಂದು ಬೆಳಗ್ಗೆ ನಮ್ಮ ಯಜಮಾನರು ಬಚ್ಚಲುಮನೆಯ ಬಾಗಿಲಲ್ಲಿ ಕುಸಿದು ಕುಳಿತರು. ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆಯೆಂದು ವೈದ್ಯರು ಹೇಳಿದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮಾತು ಹೋಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ಯಾರು ಬಂದರು, ಯಾರು ಹೋದರು, ಮಾತ್ರೆ ಎಷ್ಟು ಹೊತ್ತಿಗೆ ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಆದರೆ ಹೇಳಬೇಕೆಂದ ಮಾತು ನಾಲಿಗೆಗೆ ಬರುತ್ತಿರಲಿಲ್ಲ, ಬಂದದ್ದು ಹೇಳಬೇಕೆಂದ ಮಾತಾಗಿರುತ್ತಿರಲಿಲ್ಲ. ನೀರು ಎನ್ನಲು ಹೋಗಿ ಬಾಗಿಲು ಎನ್ನುವರು, ತಪ್ಪಾಯಿತೆಂದು ಅವರಿಗೇ ಗೊತ್ತಾಗಿ ಎಡಗೈಯಿಂದ ಹಾಸಿಗೆಗೆ ಗುದ್ದುವರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕಳೆದು ಮನೆಗೆ ಬಂದಾಗ ಹಾಸನದಲ್ಲಿ ಮಳೆ ಹಿಡಿದಿತ್ತು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳು, ಅವರು ಜೀವಮಾನವೆಲ್ಲ ಮನೆಯಲ್ಲೂ ಕಚೇರಿಯಲ್ಲೂ ಮಾತಿನಿಂದಲೇ ಎಲ್ಲರನ್ನೂ ಕಟ್ಟಿಹಾಕಿದವರು; ಆ ಮನೆಯಲ್ಲಿ ಈಗ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಅವರಿಗೆ ಹದಿನಾರನೆಯ ವಯಸ್ಸಿನಲ್ಲಿ ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗುವ ಸಂಸ್ಕಾರ) ಆದಾಗ ಅವರ ತಂದೆ ಕೊಟ್ಟ ಸತ್ಯವೇದ ನಮ್ಮ ಮನೆಯಲ್ಲಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ರಟ್ಟು ಸವೆದು ನೂಲು ಕಾಣುತ್ತಿತ್ತು. ಅದನ್ನೇ ಓದೋಣವೆಂದು ಹೊರಟರೆ ನನ್ನ ಎರಡು ಕಣ್ಣಿಗೂ ಪೊರೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೂ ಅವರನ್ನು ನೋಡಿಕೊಳ್ಳುವವರಿಲ್ಲದೆ ಮುಂದೂಡಿದ್ದೆ. ಸಣ್ಣ ಅಚ್ಚಿನ ಕನ್ನಡದಲ್ಲಿ ಪೊರೆಗಣ್ಣಿಗೆ ಮೊದಲು ಕಾಣದಾಗುವುದು ಒತ್ತಕ್ಷರ. ಇಂಗ್ಲಿಷಿನಂತೆ ನಮ್ಮ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ತ್ತ, ಕ್ತ, ದ್ಧ ಎಲ್ಲ ಒಂದೇ ಕರಿ ಚುಕ್ಕೆಯಾಗಿ, 'ಕರ್ತನು' ಎಂಬ ಮಾತಿನ ಅರ್ಕಾವತ್ತು ಎಲ್ಲಿ, ಅದರ ತ ಎಲ್ಲಿ ಎಂದು ನಾನು ಹುಡುಕುತ್ತ ಕುಳಿತಾಗ ಅವರು ಕಾದು ಕಾದು ಮುಖ ತಿರುಗಿಸಿದರು. ಮರುದಿನವೇ ಮಗನ ಗೆಳೆಯನೊಬ್ಬನನ್ನು ಮನೆಯಲ್ಲಿ ಕೂರಿಸಿ ಅಂಗಡಿಗೆ ಹೋದೆ.

ದೊಡ್ಡಕ್ಷರ ಎಂದು ಮುಖಪುಟದಲ್ಲಿ ಬರೆದಿರುವ ಪುಸ್ತಕಗಳೆಲ್ಲ ಒಂದೇ ಅಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಅಕ್ಷರ ದೊಡ್ಡದಾದರೆ ಸಾಲದು, ಸಾಲಿನಿಂದ ಸಾಲಿಗೆ ಅಂತರವೂ ಹೆಚ್ಚಬೇಕು; ಇಲ್ಲದಿದ್ದರೆ ಒತ್ತಕ್ಷರದ ತೊಂದರೆ ಹಾಗೆಯೇ ಉಳಿಯುತ್ತದೆ. ನಾನು ಕೊಂಡ ಪ್ರತಿಯಲ್ಲಿ ಅಂತರ ಚೆನ್ನಾಗಿದೆ, ಪ್ರತಿಯೊಂದು ವಚನವೂ ಹೊಸ ಸಾಲಿನಿಂದ ಆರಂಭವಾಗುತ್ತದೆ, ವಚನದ ಸಂಖ್ಯೆ ಕಣ್ಣಿಗೆ ಹೊಡೆಯುವಷ್ಟು ದಪ್ಪಗಿದೆ. ಆದುದರಿಂದ ನಡುವೆ ಗಂಜಿ ಕುಡಿಸಲು ಎದ್ದುಹೋಗಿ ಬಂದು ಕುಳಿತರೂ ಬಿಟ್ಟ ಜಾಗ ತಕ್ಷಣ ಸಿಕ್ಕುತ್ತದೆ. ಪುಸ್ತಕವನ್ನು ಹೊಲಿದು ಕಟ್ಟಿದ್ದಾರೆ. ಬರಿಯ ಅಂಟು ಹಾಕಿ ಕಟ್ಟಿದ ಪುಸ್ತಕದಂತೆ ಅದು ಮುಚ್ಚಿಕೊಳ್ಳುವುದಿಲ್ಲ. ಕೀರ್ತನೆಗಳ ಭಾಗ, ಅಂದರೆ ಸತ್ಯವೇದದೊಳಗಿನ ಪ್ರಾರ್ಥನೆಯ ಹಾಡುಗಳ ಭಾಗ, ಪುಸ್ತಕದ ಹೆಚ್ಚುಕಡಿಮೆ ನಡುವಿಗೇ ಬರುವುದರಿಂದ ತೆರೆದಿಟ್ಟರೆ ಎರಡು ಕಡೆಯೂ ಸಮವಾಗಿ ಮಲಗುತ್ತದೆ. ಒಂದು ಕೈಯಲ್ಲಿ ರೋಗಿಯ ಬೆನ್ನಿಗೆ ಆಸರೆ ಕೊಟ್ಟುಕೊಂಡು ಓದಬೇಕಾದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಅನುವಾದದ್ದು. ಒಂದೇ ಬೆಲೆಯ ಎರಡು ಪುಸ್ತಕಗಳನ್ನು ಅಂಗಡಿಯವರು ಮೇಜಿನ ಮೇಲಿಟ್ಟರು. ಒಂದು ಹಳೆಯ ಅನುವಾದ, ಇನ್ನೊಂದು ಇಂದಿನ ಆಡುಮಾತಿಗೆ ಹತ್ತಿರವಾದ ಹೊಸ ಅನುವಾದ. ಕಾಯಿಲೆಯವರಿಗಾದರೆ ಸುಲಭವಾದದ್ದೇ ಒಳ್ಳೆಯದಲ್ಲವೇ ಎಂದು ಅವರು ಹೊಸದನ್ನು ನನ್ನ ಕಡೆಗೆ ಸರಿಸಿದರು. ನಾನು ಎರಡನ್ನೂ ತೆರೆದು 23ನೆಯ ಕೀರ್ತನೆಯನ್ನು ನೋಡಿದೆ. ಹೊಸದು ಸ್ವಚ್ಛವಾಗಿತ್ತು, ಸರಳವಾಗಿತ್ತು, ಒಬ್ಬ ಶಿಕ್ಷಕಿಯಾಗಿ ಹೇಳುವುದಾದರೆ ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೂ ಯಾಕೋ ಮನಸ್ಸಿಗೆ ಬಾರದೆ ಹಳೆಯದನ್ನೇ ತೆಗೆದುಕೊಂಡೆ. ಆ ಆಯ್ಕೆ ಸರಿಯಾಗಿತ್ತೆಂದು ತಿಳಿಯಲು ಮೂರು ವಾರ ಹಿಡಿಯಿತು.

ಕನ್ನಡದ ಸತ್ಯವೇದಕ್ಕೆ ಇನ್ನೂರು ವರ್ಷಗಳ ಹತ್ತಿರದ ಇತಿಹಾಸವಿದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಕೆಲಸದಿಂದ 1831ರ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಹೀಗೆ ಕೈಯಿಂದ ಕೈಗೆ ತಿದ್ದಿಸಿಕೊಂಡು ಬಂದ ಭಾಷೆಯೇ ನಮ್ಮ ಹಿರಿಯರ ಬಾಯಲ್ಲಿ ನಿಂತಿರುವುದು. ಅದರಲ್ಲಿ 'ಹೋಗುವುದು' ಎಂದಿರುವುದಿಲ್ಲ, 'ಹೋಗುವದು' ಎಂದಿರುತ್ತದೆ. ಇಂದಿನ ಮಕ್ಕಳಿಗೆ ಅದು ಮುದ್ರಣದ ತಪ್ಪಿನಂತೆ ಕಾಣಬಹುದು. ವಾಕ್ಯಗಳು ಉದ್ದ, ಕೆಲವು ಮಾತುಗಳು ದೇವಾಲಯದ ಹೊರಗೆ ಎಲ್ಲೂ ಕೇಳುವುದಿಲ್ಲ. ಹೊಸದಾಗಿ ಓದಲು ತೊಡಗುವವರಿಗೆ ಇದು ಕಷ್ಟವೇ. ಆದರೆ ನಮ್ಮ ಯಜಮಾನರು ಹೊಸಬರಾಗಿರಲಿಲ್ಲ. ಭಾನುವಾರದ ಶಾಲೆಯಲ್ಲಿ ಬೆತ್ತ ಹಿಡಿದ ಉಪಾಧ್ಯಾಯರ ಮುಂದೆ ನಿಂತು ಇದನ್ನು ಬಾಯಿಪಾಠ ಮಾಡಿದವರು.

ಮನೆಗೆ ಬಂದ ಮೂರನೆಯ ವಾರದ ಒಂದು ಸಂಜೆ ನಾನು 23ನೆಯ ಕೀರ್ತನೆಯನ್ನು ಓದತೊಡಗಿದೆ. "ಯೆಹೋವನು ನನಗೆ ಕುರುಬನು" ಎಂದು ಓದಿ ಉಸಿರೆಳೆದುಕೊಳ್ಳಲು ನಿಲ್ಲಿಸಿದೆ. ಆ ನಿಲುಗಡೆಯಲ್ಲಿ ಅವರ ಬಾಯಿಂದ "ಕೊರತೆಪಡೆನು" ಎಂದು ಬಂತು. ತೊದಲಿತ್ತು, ಪ ಅಕ್ಷರ ಬ ಆಗಿತ್ತು, ಆದರೆ ಪೂರ್ತಿ ಬಂತು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಾನು ಮುಂದಿನ ವಚನ ಓದಿ ಅದರ ಕೊನೆಗೆ ನಿಲ್ಲಿಸಿದೆ, ಏನೂ ಬರಲಿಲ್ಲ. ನಾಲ್ಕನೆಯ ವಚನದಲ್ಲಿ ಕಾರ್ಗತ್ತಲಿನ ಕಣಿವೆಯ ಮಾತು ಬಂದು, "ಕೇಡಿಗೆ" ಎಂದು ನಾನು ತಡೆದಾಗ ಅವರು "ಹೆದರೆನು" ಎಂದರು.

ಇದನ್ನು ಪವಾಡವೆಂದು ನಾನು ಹೇಳುತ್ತಿಲ್ಲ. ಮಾತು ಕಲಿಸಲು ಬರುತ್ತಿದ್ದ ಚಿಕಿತ್ಸಕಿಗೆ ತಿಳಿಸಿದಾಗ ಅವರು ಆಶ್ಚರ್ಯಪಡಲಿಲ್ಲ. ಹೊಸದಾಗಿ ಮಾತು ಕಟ್ಟುವ ಶಕ್ತಿಗೆ ಪೆಟ್ಟು ಬಿದ್ದವರಲ್ಲಿಯೂ ಚಿಕ್ಕಂದಿನಲ್ಲಿ ಬಾಯಿಪಾಠವಾದದ್ದು, ಹಾಡು, ಮಗ್ಗಿ, ಪ್ರಾರ್ಥನೆ ಇಂಥವು ಅನೇಕ ವೇಳೆ ಉಳಿದಿರುತ್ತವೆಂದೂ, ದಿನವೂ ಹೀಗೆಯೇ ಓದಿ ಕೊನೆಯ ಮಾತನ್ನು ಅವರಿಗೆ ಬಿಡಿರೆಂದೂ ಹೇಳಿದರು. ಹಾಗೆ ಬಾಯಿಪಾಠ ಹೇಳುವುದರಿಂದ ಸಾಮಾನ್ಯ ಮಾತು ತಾನಾಗಿ ಮರಳುತ್ತದೆಯೆಂದು ತಿಳಿಯಬಾರದು ಎಂದೂ ಎಚ್ಚರಿಸಿದರು, ಅದೂ ನಿಜವಾಯಿತು. ಇಂದಿಗೂ ಅವರಿಗೆ ಕಾಫಿ ಬೇಕೆಂದು ಹೇಳಲು ಕಷ್ಟ. ಆದರೂ ಆ ಸಂಜೆಯ ವರೆಗೆ ನಮ್ಮ ಮನೆಯಲ್ಲಿದ್ದ ಸ್ಥಿತಿಗೂ ಅದರ ಮುಂದಿನ ಸ್ಥಿತಿಗೂ ವ್ಯತ್ಯಾಸವಿದೆ. ತನ್ನದೆಂಬ ಮಾತೆಲ್ಲ ಹೋದವರಿಗೆ, ತಾನು ಕಟ್ಟಬೇಕಾಗಿಲ್ಲದ, ತನಗಾಗಿ ಎಂದೋ ಯಾರೋ ಕಟ್ಟಿಟ್ಟ ಮಾತು ಒಳಗೆ ಉಳಿದಿತ್ತು.

ಹೊಸ ಅನುವಾದವನ್ನು ಕೊಂಡಿದ್ದರೆ ಇದು ನಡೆಯುತ್ತಿರಲಿಲ್ಲ ಎಂಬುದು ಸ್ಪಷ್ಟ. ಇಲ್ಲಿ ನನ್ನ ವೃತ್ತಿಯ ಕಣ್ಣಿಗೆ ಬಿದ್ದ ಒಂದು ವಿಷಯವನ್ನೂ ಹೇಳಬೇಕು. 'ಕೊರತೆಪಡೆನು' ಎಂಬುದು ಹಳೆಯ ನಿಷೇಧ ರೂಪ. ಇಂದಿನ ಕನ್ನಡದಲ್ಲಿ ಅದನ್ನು ಹೇಳಬೇಕಾದರೆ ನನಗೆ ಯಾವ ಕೊರತೆಯೂ ಆಗುವುದಿಲ್ಲ ಎಂದು ನಾಲ್ಕು ಪದ ಬೇಕು. ಹಳೆಯ ರೂಪದಲ್ಲಿ ಹೇಳುವವನು, ಕ್ರಿಯೆ, ಇಲ್ಲವೆಂಬ ಅರ್ಥ ಮೂರೂ ಒಂದೇ ಪದದಲ್ಲಿ ಅಡಗಿವೆ. 'ಹೆದರೆನು' ಎಂಬುದೂ ಹಾಗೆಯೇ. ಒಂದು ಪದಕ್ಕೆ ಮಾತ್ರ ಉಸಿರಿರುವ ಮನುಷ್ಯನ ಬಾಯಿಗೆ ಒಂದು ಇಡೀ ವಾಕ್ಯವನ್ನು ಕೊಡಬಲ್ಲ ವ್ಯಾಕರಣ ಅದು. ನಾನು ತರಗತಿಯಲ್ಲಿ ನಿಷೇಧ ರೂಪವನ್ನು ಎಷ್ಟೋ ಸಲ ಪಾಠ ಮಾಡಿದ್ದೆ. ಅದು ಯಾರಿಗಾದರೂ ಆಸರೆಯಾಗಬಹುದೆಂದು ಎಣಿಸಿರಲಿಲ್ಲ. ಅದೇ ಕೀರ್ತನೆಯಲ್ಲಿ ಮೊದಲ ಮೂರು ವಚನಗಳಲ್ಲಿ ದೇವರನ್ನು ಪ್ರಥಮ ಪುರುಷದಲ್ಲಿ 'ಆತನು' ಎಂದು ಹೇಳುತ್ತ ಬಂದ ಕವಿ, ಕತ್ತಲಿನ ಕಣಿವೆಗೆ ಕಾಲಿಟ್ಟ ಕೂಡಲೇ 'ನೀನು' ಎಂದು ನೇರವಾಗಿ ಕರೆಯುತ್ತಾನೆ. ದೊಡ್ಡ ಅಚ್ಚಿನಲ್ಲಿ ನಿಧಾನವಾಗಿ ಓದುವಾಗ ಇದು ಮೊದಲ ಬಾರಿಗೆ ನನ್ನ ಕಣ್ಣಿಗೆ ಬಿತ್ತು.

ಕೀರ್ತನೆಗಳನ್ನು ನಾವು ಒಂದರಿಂದ ಕ್ರಮವಾಗಿ ಓದತೊಡಗಿದೆವು. ಇರುವ 150ರಲ್ಲಿ ಸ್ತುತಿಯ ಹಾಡುಗಳೇ ಹೆಚ್ಚೆಂದು ದೇವಾಲಯದಲ್ಲಿ ಹಾಡುವುದನ್ನು ಮಾತ್ರ ಕೇಳಿದವರಿಗೆ ಅನ್ನಿಸಬಹುದು. ಆದರೆ ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿರುವುದು ಮೊರೆಯ ಹಾಡುಗಳು. 6ನೆಯದರಲ್ಲಿ ರಾತ್ರಿಯೆಲ್ಲ ಅತ್ತು ಹಾಸಿಗೆ ತೇಲಾಡುತ್ತದೆ. 13ನೆಯದು ಆರಂಭವಾಗುವುದೇ ಎಷ್ಟರವರೆಗೆ ಎಂಬ ಪ್ರಶ್ನೆಯಿಂದ, ಆ ಪ್ರಶ್ನೆ ಎರಡೇ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. 69ನೆಯದರಲ್ಲಿ ನೀರು ಕುತ್ತಿಗೆಯವರೆಗೆ ಬಂದಿದೆ. ಅದನ್ನು ಓದುವಾಗ ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲ ಬಂದಾಗಲೆಲ್ಲ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೆನಪಾಗದ ಹಾಸನದವರಿರಲಾರರು. 88ನೆಯದು ಇನ್ನೂ ಕಠಿಣ. ಉಳಿದ ಮೊರೆಗಳು ಕೊನೆಗೆ ಎಲ್ಲೋ ಒಂದು ಕಡೆ ಬೆಳಕಿನತ್ತ ತಿರುಗುತ್ತವೆ, ಇದು ತಿರುಗುವುದೇ ಇಲ್ಲ. ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ಹಾಸಿಗೆಯಲ್ಲಿರುವವರ ಮುಂದೆ ಓದುವುದೋ ಬೇಡವೋ ಎಂದು ಅನುಮಾನಿಸಿ ಪುಟ ತಿರುಗಿಸಹೋದೆ. ಅವರು ಎಡಗೈಯನ್ನು ಪುಟದ ಮೇಲಿಟ್ಟು ತಡೆದರು. ಓದಿ ಮುಗಿಸಿದಾಗ ಅವರ ಕಣ್ಣಲ್ಲಿ ನೀರಿತ್ತು, ಆದರೆ ಹಾಸಿಗೆಗೆ ಗುದ್ದಲಿಲ್ಲ. ದೇವರ ಮುಂದೆ ಹೀಗೂ ಹೇಳಬಹುದು, ಹೀಗೆ ಹೇಳಿದ್ದನ್ನೂ ಯಾರೂ ಹರಿದೆಸೆಯದೆ ಪವಿತ್ರ ಗ್ರಂಥದೊಳಗೇ ಕಾಪಾಡಿದ್ದಾರೆ ಎಂಬುದರಲ್ಲಿ ಇರುವ ಸಮಾಧಾನವನ್ನು ನನಗೆ ತಿಳಿಸಿಕೊಟ್ಟವರು ಮಾತು ಬಾರದ ಅವರು.

ಈ ಅವಧಿಯಲ್ಲಿ ನೋಡಲು ಬಂದವರು ಬಹಳ ಮಂದಿ. ಬಂದವರ ಪ್ರೀತಿಯನ್ನು ನಾನು ಮರೆಯುವುದಿಲ್ಲ, ಆದರೆ ಕೆಲವರು ವಾಕ್ಯಗಳನ್ನು ಮದ್ದಿನ ಚೀಟಿಯಂತೆ ಕೊಟ್ಟುಹೋದರು. ಎಲ್ಲ ಒಳ್ಳೆಯದಕ್ಕೇ ಆಗಿದೆಯೆಂದು ಒಬ್ಬರು, ನಂಬಿಕೆ ಇನ್ನೂ ಬಲವಾಗಿದ್ದರೆ ಇಷ್ಟು ಹೊತ್ತಿಗೆ ಎದ್ದು ನಡೆಯುತ್ತಿದ್ದರೆಂದು ಇನ್ನೊಬ್ಬರು. ಅವರು ಹೋದ ಮೇಲೆ, ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ ಯೋಬನೆಂಬವನ ಕಥೆ ಹೇಳುವ ಯೋಬನ ಪುಸ್ತಕವನ್ನು ಸತ್ಯವೇದದಲ್ಲಿ ತೆರೆದೆ. 42 ಅಧ್ಯಾಯಗಳ ಆ ಪುಸ್ತಕದ ಬಹುಭಾಗದಲ್ಲಿ ಗೆಳೆಯರು ಇಂಥದೇ ಮಾತುಗಳನ್ನು ಆಡುತ್ತಾರೆ, ಕೊನೆಯ ಅಧ್ಯಾಯದಲ್ಲಿ ದೇವರು ಕೋಪಗೊಳ್ಳುವುದು ದೂರಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ಆದರೂ ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದರು: ಬಂದ ಮೊದಲಿಗೆ ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು. ನಮ್ಮ ಪಕ್ಕದ ಮನೆಯ ಗೌಡರ ಹೆಂಡತಿ ಮಾಡಿದ್ದೂ ಅದನ್ನೇ. ಸಂಜೆ ರಾಗಿ ಗಂಜಿ ತಂದಿಟ್ಟು, ಗೋಡೆಗೆ ಒರಗಿ ಕುಳಿತು, ನಾನು ಓದುವುದನ್ನು ಕೇಳಿ ಎದ್ದು ಹೋಗುವರು. ಪುಸ್ತಕ ಹಿಡಿದು ನನ್ನ ಮಣಿಕಟ್ಟು ಊದಿದ್ದನ್ನು ಕಂಡವರು ಮಾರನೆಯ ದಿನ ಹಲಸಿನ ಮರದ ವ್ಯಾಸಪೀಠವೊಂದನ್ನು ತಂದರು. "ಟೀಚರಮ್ಮ, ನಮ್ಮ ಮಾವನೋರು ಭಾರತ ಓದ್ತಿದ್ದ ಪೀಠ ಇದು. ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು, ಇಟ್ಕೊಳಿ" ಎಂದರು.

ವ್ಯಾಸಪೀಠದ ಅಗತ್ಯ ಬಿದ್ದದ್ದು ಪುಸ್ತಕದ ಭಾರದಿಂದ. ಹೀಗಾಗಿ ಕೊರತೆಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಡುಗೆಮನೆಯ ತಕ್ಕಡಿಯಲ್ಲಿ ಇದು ಎರಡು ಕಿಲೋಗೆ ಸ್ವಲ್ಪವೇ ಕಡಿಮೆ ತೂಗಿತು. ಮಲಗಿದವರು ಎದೆಯ ಮೇಲಿಟ್ಟುಕೊಂಡು ಓದುವ ಪುಸ್ತಕ ಇದಲ್ಲ, ಪೀಠವೋ ದಿಂಬೋ ಇರಲೇಬೇಕು. ಗಾತ್ರ ಹಿಡಿತದಲ್ಲಿರಲೆಂದು ಕಾಗದವನ್ನು ತೆಳುವಾಗಿಸಿದ್ದಾರೆ, ಆದ್ದರಿಂದ ಹಿಂದಿನ ಪುಟದ ಅಕ್ಷರ ಮಬ್ಬಾಗಿ ತೋರುತ್ತದೆ. ನಾನು ಓದುವ ಪುಟದ ಹಿಂದೆ ಒಂದು ಕಪ್ಪು ಹಾಳೆಯನ್ನು ಇಡುತ್ತೇನೆ, ಆಗ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಯೇಸುವಿನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಅಚ್ಚು ಮಾಡಿರುವುದು ಗೌರವದಿಂದ ಮಾಡಿದ ಕೆಲಸವಾದರೂ ಪೊರೆಗಣ್ಣಿಗೆ ರಾತ್ರಿಯ ಬೆಳಕಿನಲ್ಲಿ ಆ ಕೆಂಪು ಕರಗಿಹೋಗುತ್ತದೆ. ಹೀಗೆ ಓದಲು ಅತ್ಯಂತ ಸ್ಪಷ್ಟವಾಗಿರಬೇಕಾದ ಮಾತುಗಳೇ ಅತ್ಯಂತ ಮಸುಕಾಗಿವೆ. ಕಪ್ಪು ಅಚ್ಚಿನದೇ ಸಿಕ್ಕಿದರೆ ಅದನ್ನೇ ಕೊಳ್ಳಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಪುಟಗಳ ಅಂಚು ಅಲೆಯಲೆಯಾಗಿ ಏಳುತ್ತದೆ. ಎಲ್ಲಕ್ಕಿಂತ ಬೇಸರವಾದದ್ದು, ಆರು ತಿಂಗಳ ಮೇಲೆ ಸತ್ಯವೇದದ ಪೂರ್ವಕಾಲವೃತ್ತಾಂತವೆಂಬ ಭಾಗದ ನಡುವೆ ಹದಿನಾರು ಪುಟಗಳು ಎರಡು ಸಲ ಸೇರಿ, ಮುಂದೆ ಬರಬೇಕಾದ ಹದಿನಾರು ಪುಟಗಳು ಇಲ್ಲವೇ ಇಲ್ಲವೆಂದು ತಿಳಿದದ್ದು. ಅಷ್ಟು ದಿನಗಳ ಮೇಲೆ ಒಯ್ದರೂ ಅಂಗಡಿಯವರು ಚಕಾರವೆತ್ತದೆ ಬೇರೆ ಪ್ರತಿ ಕೊಡಲು ಒಪ್ಪಿದರು. ಆದರೆ ಆ ಹೊತ್ತಿಗೆ ಹಳೆಯ ಪ್ರತಿಯ ಪುಟಪುಟಕ್ಕೂ ನಮ್ಮ ಗುರುತು ಬಿದ್ದಿತ್ತು, ಕೊಡಲು ಮನಸ್ಸಾಗದೆ, ಇಲ್ಲದ ಪುಟಗಳ ನೆರಳಚ್ಚು ಮಾಡಿಸಿ ಒಳಗಿಟ್ಟುಕೊಂಡೆ. ಕೊಳ್ಳುವಾಗ ಅಂಗಡಿಯಲ್ಲಿಯೇ ಕುಳಿತು ಪುಟಸಂಖ್ಯೆಗಳನ್ನು ಬೆರಳಾಡಿಸಿ ನೋಡಿಕೊಳ್ಳುವುದು ಮೇಲು.

ಮೊಬೈಲಿನಲ್ಲಿ ಸತ್ಯವೇದವನ್ನು ಕೇಳಿಸುವ ಸೌಲಭ್ಯವಿರುವಾಗ ಇಷ್ಟು ಭಾರದ ಪುಸ್ತಕವೇಕೆ ಎಂದು ಮಗ ಕೇಳಿದ, ಹಾಕಿಯೂ ಕೊಟ್ಟ. ಕಣ್ಣು ಪೂರ್ತಿ ಕಾಣದವರಿಗೆ, ಒಬ್ಬರೇ ಇರುವವರಿಗೆ ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಧ್ವನಿ ಯಾರಿಗಾಗಿಯೂ ಕಾಯುವುದಿಲ್ಲ. ನಮ್ಮ ಯಜಮಾನರು ಒಂದು ಪದವನ್ನು ಬಾಯೊಳಗೆ ಹುಡುಕುತ್ತಿರುವಾಗ ಅದು ಮುಂದಿನ ಅಧ್ಯಾಯಕ್ಕೆ ಹೋಗಿರುತ್ತಿತ್ತು.

ಕಾಯುವುದು ಎಂಬ ಮಾತು ಬಂದದ್ದರಿಂದ ಈ ಅನುವಾದದ ಇನ್ನೊಂದು ಪದದ ಬಗ್ಗೆ ಬರೆಯಬೇಕು. ನಾವು ದಿನಬಳಕೆಯಲ್ಲಿ ಭರವಸೆ ಎನ್ನುವ ಕಡೆಯಲ್ಲಿ ಹಳೆಯ ಸತ್ಯವೇದ 'ನಿರೀಕ್ಷೆ' ಎನ್ನುತ್ತದೆ. ಚಿಕ್ಕಂದಿನಿಂದ ಕೇಳಿಕೊಂಡು ಬಂದರೂ ಅದು ನನಗೆ ಸ್ವಲ್ಪ ತಣ್ಣನೆಯ ಪದವಾಗಿಯೇ ಕಾಣುತ್ತಿತ್ತು. ಬಸ್ಸನ್ನು ನಿರೀಕ್ಷಿಸುತ್ತೇವೆ, ಫಲಿತಾಂಶವನ್ನು ನಿರೀಕ್ಷಿಸುತ್ತೇವೆ. ಪ್ರವಾದಿಯಾದ ಯೆಶಾಯನ ಪುಸ್ತಕದ 40ನೆಯ ಅಧ್ಯಾಯದ ಕೊನೆಯಲ್ಲಿ ಯೌವನಸ್ಥರೂ ದಣಿದು ಬಳಲುವರು, ಯೆಹೋವನನ್ನು ನಿರೀಕ್ಷಿಸುವವರಾದರೋ ಹೊಸ ಬಲ ಹೊಂದುವರು ಎಂಬ ಭಾಗವನ್ನು ಓದುವಾಗ ನಮ್ಮ ಸಭಾಪಾಲಕರು (ಪಾದ್ರಿಗಳು) ಹೇಳಿದರು, ಮೂಲ ಹೀಬ್ರೂ ಕ್ರಿಯಾಪದಕ್ಕೂ ಕಾಯುವುದು ಮತ್ತು ಭರವಸೆ ಇಡುವುದು ಎರಡೂ ಅರ್ಥಗಳಿವೆಯೆಂದು. ಅಂದಮೇಲೆ ಹಳೆಯ ಅನುವಾದಕರು ಆರಿಸಿದ ಪದ ತಣ್ಣನೆಯದಲ್ಲ, ಎರಡನ್ನೂ ಹೊರಬಲ್ಲ ಪದ. ಭರವಸೆ ಎಂದರೆ ಒಳಗೆ ಏನೋ ಒಂದು ಧೈರ್ಯ ಇರಬೇಕಾಗುತ್ತದೆ, ಆ ದಿನಗಳಲ್ಲಿ ನನ್ನೊಳಗೆ ಅದು ಇರಲಿಲ್ಲ. ಕಾಯುವುದು ಮಾತ್ರ ಗೊತ್ತಿತ್ತು; ಮಾತ್ರೆಯ ಹೊತ್ತಿಗೆ, ಚಿಕಿತ್ಸಕಿ ಬರುವ ಗುರುವಾರಕ್ಕೆ, ಅವರ ಬಾಯಿಂದ ಮುಂದಿನ ಪದ ಬರುವುದಕ್ಕೆ ಕಾಯುತ್ತಿದ್ದೆ. ಆ ಕಾಯುವುದನ್ನೇ ಈ ಗ್ರಂಥ ನಿರೀಕ್ಷೆಯೆಂದು ಕರೆಯುತ್ತದೆಯಾದರೆ ನಾನೂ ಅದರ ಹೊರಗಿಲ್ಲ ಎಂದುಕೊಂಡೆ. ಪ್ರಲಾಪಗಳ ಪುಸ್ತಕದಲ್ಲಿಯೂ ಹಾಗೆಯೇ ಇದೆ. ಯೆರೂಸಲೇಮು ಹಾಳಾದ ದುಃಖದ ಐದು ಅಧ್ಯಾಯಗಳಲ್ಲಿ ದೇವರ ಕರುಣೆ ಮುಂಜಾನೆಮುಂಜಾನೆಗೆ ಹೊಸದೆಂಬ ಮಾತು ಬರುವುದು ಮೂರನೆಯದರಲ್ಲಿ, ನಟ್ಟನಡುವೆ. ಅದರ ಆಮೇಲೆಯೂ ಎರಡು ಅಧ್ಯಾಯಗಳ ಅಳು ಬಾಕಿ ಇರುತ್ತದೆ.

ಯೇಸುವಿನ ಅಪೊಸ್ತಲನಾದ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳಿಗೆ, ಅಂದರೆ ಪತ್ರಗಳಿಗೆ, ನಾವು ಬಂದದ್ದು ನನ್ನ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಅವನು ತನ್ನ ಶರೀರದಲ್ಲಿ ನಾಟಿದ ಶೂಲದ ಬಗ್ಗೆ ಹೇಳುತ್ತಾನೆ. ಅದು ಯಾವ ಕಾಯಿಲೆ, ಎಂಥ ಕಷ್ಟ ಎಂದು ಎಲ್ಲೂ ಹೇಳುವುದಿಲ್ಲ. ಹೇಳದೆ ಬಿಟ್ಟದ್ದರಿಂದಲೇ ಯಾರ ಶೂಲವಾದರೂ ಅಲ್ಲಿ ಹಿಡಿಸುತ್ತದೆ. ತೆಗೆದುಬಿಡೆಂದು ಮೂರು ಸಲ ಬೇಡಿಕೊಳ್ಳುತ್ತಾನೆ, ತೆಗೆಯಲಾಗುವುದಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬರುತ್ತದೆ. ನಂಬಿಕೆ ಸಾಲದೆಂದು ನಮಗೆ ಹೇಳಿಹೋದವರಿಗೆ ನಾನು ಏನೂ ಉತ್ತರಿಸಿರಲಿಲ್ಲ, ಈ ಅಧ್ಯಾಯ ಓದಿದ ಮೇಲೆ ಉತ್ತರಿಸಬೇಕೆಂದೂ ಅನ್ನಿಸಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನಮ್ಮ ಬಲಹೀನತೆಯಲ್ಲಿ ಏನೆಂದು ಬೇಡಿಕೊಳ್ಳಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂಬರ್ಥದ ವಚನ ಅದು. 'ಮಾತಿಲ್ಲದ' ಎಂಬಲ್ಲಿ ಅವರ ಎಡಗೈಯ ತೋರುಬೆರಳು ಬಂದು ನಿಂತಿತು. ದೊಡ್ಡ ಅಕ್ಷರವಾದ್ದರಿಂದ ಬೆರಳಿಟ್ಟರೂ ಪದ ಮುಚ್ಚಿಹೋಗಲಿಲ್ಲ. ಬೆರಳಿನ ಎರಡೂ ಬದಿಗೆ ಕಾಣುತ್ತಿತ್ತು. ಬಹಳ ಹೊತ್ತು ಅಲ್ಲಿಯೇ ಇಟ್ಟುಕೊಂಡಿದ್ದರು. ಅದೇ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ಪೂರ್ವಕಾಲದಲ್ಲಿ ಬರೆದದ್ದೆಲ್ಲ ನಾವು ತಾಳ್ಮೆಯನ್ನೂ ಆದರಣೆಯನ್ನೂ ಹೊಂದಿ ನಿರೀಕ್ಷೆಯುಳ್ಳವರಾಗುವುದಕ್ಕಾಗಿ ಬರೆಯಲ್ಪಟ್ಟಿತೆಂದು ಪೌಲ ಹೇಳುತ್ತಾನೆ. ನಿರೀಕ್ಷೆಗೆ ಮುಂಚೆ ತಾಳ್ಮೆಯನ್ನು ಇಟ್ಟ ಕ್ರಮವನ್ನು ನಾನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದೇನೆ.

ಆರೈಕೆ ಮಾಡುವವರಿಗೆ ನಾನು ತೋರಿಸಬೇಕೆಂದಿರುವ ಭಾಗ ಮಾತ್ರ ಬೇರೆ. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎನ್ನುತ್ತಾನೆ. ಅವನಿಗೆ ಉಪದೇಶ ಬರುವುದಿಲ್ಲ, ಗದರಿಕೆ ಬರುವುದಿಲ್ಲ. ನಿದ್ದೆ ಬರುತ್ತದೆ, ಎಚ್ಚರವಾದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು ಇರುತ್ತದೆ, ತಿಂದು ಮತ್ತೆ ಮಲಗುತ್ತಾನೆ. ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನನಗೂ ಸಾಕೆನಿಸಿದ್ದಾಗ ಇದನ್ನು ಓದಿ, ಪುಸ್ತಕ ಮುಚ್ಚಿ, ಪಕ್ಕದ ಮನೆಯವರಿಗೆ ಹೇಳಿ ಮೂರು ಗಂಟೆ ನಿದ್ದೆ ಮಾಡಿದೆ.

ಯಾರು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ, ಮನೆಯ ಹಿರಿಯರು ಬಾಲ್ಯದಲ್ಲಿ ಯಾವ ಅನುವಾದವನ್ನು ಕಲಿತರೋ ಅದನ್ನೇ ದೊಡ್ಡಕ್ಷರದಲ್ಲಿ ಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಓದುವ ಅಭ್ಯಾಸವೇ ಇಲ್ಲದ ಕಿರಿಯರಿಗಾದರೆ ಹೊಸ ಅನುವಾದ ಒಳ್ಳೆಯದು, ಮಗನಿಗೆ ಅದನ್ನೇ ತೆಗೆದುಕೊಟ್ಟಿದ್ದೇನೆ. ಕಷ್ಟ ಬರುವ ತನಕ ಕಾಯದೆ ಮೊದಲೇ ಕೊಂಡು, ದಿನಕ್ಕೆ ಒಂದೆರಡು ವಚನಗಳನ್ನಾದರೂ ಗಟ್ಟಿಯಾಗಿ ಓದಿ ಬಾಯಿಗೆ ತಂದುಕೊಂಡರೆ ಇನ್ನೂ ಒಳ್ಳೆಯದು. ಹಾಸಿಗೆ ಹಿಡಿದ ಮೇಲೆ ಬಾಯಿಪಾಠ ಮಾಡಲಾಗುವುದಿಲ್ಲ.

ಈ ತಿಂಗಳು ಎರಡನೆಯ ಸಲ ಕೀರ್ತನೆಗಳನ್ನು ಓದುತ್ತ 119ನೆಯದಕ್ಕೆ ಬಂದಿದ್ದೇವೆ. ಅದರಲ್ಲಿ 176 ವಚನಗಳು, ಎಂಟೆಂಟರ 22 ಭಾಗಗಳು; ದಿನಕ್ಕೆ ಒಂದು ಭಾಗದಂತೆ ಓದುತ್ತಿದ್ದೇವೆ. ತೆಳ್ಳನೆಯ ಪುಟ ಎಡಗೈಗೆ ಸಿಕ್ಕುವುದಿಲ್ಲವೆಂದು ಅಂಚಿಗೆ ಸಣ್ಣ ಬಟ್ಟೆಯ ಪಟ್ಟಿಗಳನ್ನು ಅಂಟಿಸಿದ್ದೇನೆ. ಓದುವುದು ನಾನು, ಪುಟ ತಿರುಗಿಸುವುದು ಅವರು.